ಸುಮ್ಮನಿರುವ ಹಲ್ಲಿ ಸಾಧುವೇ?

ಸಾಕುವುದಕ್ಕೆ ದೊಡ್ಡದೊಂದು ಹಲ್ಲಿ ಬೇಕು, ಆದರೆ ಅದು ಸಾಧುಸ್ವಭಾವದ್ದಾಗಿರಬೇಕು. ಯಾವ ಜಾತಿಯದನ್ನು ಆರಿಸಬೇಕು? ಅಮೆರಿಕ, ಯೂರೋಪುಗಳ ಪ್ರಾಣಿಪ್ರಿಯರಲ್ಲಿ ಈ ಚರ್ಚೆ ಬಹುಕಾಲದಿಂದ ನಡೆದುಬಂದಿದೆ. ಈಗ ನಮ್ಮ ನಗರಗಳ ತರುಣರೂ ಇದೇ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ನಾಯಿ, ಬೆಕ್ಕು, ಗಿಳಿಗಳ ಮೇಲೆ ಹುಟ್ಟುವ ಮಮತೆ ಸರೀಸೃಪವೊಂದರ ಮೇಲೆ ಹುಟ್ಟಬಾರದೆಂದೇನೂ ಇಲ್ಲ. ಹಲ್ಲಿಯೆಂದೊಡನೆ ಹೇಸುವವನಿಗಿಂತ ಅದನ್ನು ಹತ್ತಿರದಿಂದ ನೋಡಬಯಸುವವನೇ ನಮಗೆ ಹೆಚ್ಚು ಮೆಚ್ಚು. ಆದರೆ ಪ್ರಶ್ನೆಯಲ್ಲಿರುವ ‘ಸಾಧು’ ಎಂಬ ಮಾತನ್ನು ನಾವು ಸುಲಭವಾಗಿ ಒಪ್ಪಲಾರೆವು.

ದೊಡ್ಡ ಹಲ್ಲಿಯೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಉಡ. ಉಡದ ಪಟ್ಟಿನ ಮಾತನ್ನು ಕೇಳದವರಾರು? ಅದರ ಸೊಂಟಕ್ಕೆ ಹಗ್ಗ ಬಿಗಿದು ಕೋಟೆಯನ್ನೇರಿದ ವೀರನಿಂದ ಘೋರ್ಪಡೆ ಎಂಬ ಮನೆತನದ ಹೆಸರು ಬಂತೆಂದು ಐತಿಹ್ಯವುಂಟು. ಸಂಡೂರು, ಮುಧೋಳಗಳನ್ನು ಆಳಿದವರು ಈ ಮನೆತನದವರೇ. ಆದರೆ ಉಡವನ್ನು ಸಾಕುವ ಯೋಚನೆಯನ್ನು ಇಲ್ಲಿಯೇ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಅದು ಸೇರಿದೆ. ಅದನ್ನು ಹಿಡಿದು ಮನೆಯಲ್ಲಿಟ್ಟುಕೊಂಡವನಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ ಕಾದಿರುತ್ತದೆ. ಆದುದರಿಂದ ಉಳಿಯುವುವು ಹೊರದೇಶಗಳ ಹಲ್ಲಿಗಳು ಮಾತ್ರ.

ಇವುಗಳಲ್ಲಿ ಒಂದನ್ನು ಸಾಧುವೆಂದು ನಾವು ಹೇಗೆ ನಿರ್ಣಯಿಸುತ್ತೇವೆ? ಬಹುಮಟ್ಟಿಗೆ, ಅದು ಅಲುಗಾಡದೆ ಕುಳಿತಿರುವುದರಿಂದಲೇ. ನಾಯಿ ಸುಮ್ಮನೆ ಕುಳಿತರೆ ಅದು ನಮ್ಮೊಡನೆ ನಿಶ್ಚಿಂತೆಯಿಂದಿದೆಯೆಂದು ತಿಳಿಯುವುದು ವಾಡಿಕೆ. ಅದೇ ಅಳತೆಗೋಲನ್ನು ಹಲ್ಲಿಗೂ ಹಿಡಿಯುತ್ತೇವೆ. ಇದು ತಪ್ಪು. ಹಲ್ಲಿಯು ತನ್ನ ಮೈಶಾಖವನ್ನು ಸುತ್ತಲಿನ ಬಿಸಿಲಿನಿಂದ, ಕಾದ ಕಲ್ಲಿನಿಂದ ಪಡೆಯತಕ್ಕ ಪ್ರಾಣಿ. ಶಾಖ ಸಾಲದಿದ್ದರೆ ಅದರ ಸ್ನಾಯುಗಳು ಮಂದವಾಗುತ್ತವೆ; ಆಗ ಅದು ಕಚ್ಚುವುದಿಲ್ಲ, ಓಡುವುದಿಲ್ಲ, ತಿಂದದ್ದನ್ನು ಜೀರ್ಣಿಸಿಕೊಳ್ಳುವುದೂ ಇಲ್ಲ. ತಣ್ಣನೆಯ ಗೂಡಿನಲ್ಲಿ ತೋರುವ ಶಾಂತಿ ಸ್ವಭಾವದ ಶಾಂತಿಯಲ್ಲ, ಕೇವಲ ಜಡತೆ.

ಆ ಜಡತೆಯನ್ನಾದರೂ ನಂಬಬಹುದೇ? ಹರ್ಟ್ಸ್, ಹ್ಯೂಯಿ, ನೆವೊ ಎಂಬ ಮೂವರು ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯವಾಗಿದೆ. ಅವರು ಪರೀಕ್ಷಿಸಿದ್ದು ನಮ್ಮ ಓತಿಕೇತದ ಬಂಧುಗಳಾದ ಎರಡು ಜಾತಿಯ ಹಲ್ಲಿಗಳನ್ನು. ಮೈ ಬಿಸಿಯಾಗಿದ್ದಾಗ, ಶತ್ರು ಬಳಿ ಬಂದರೆ ಅವು ಓಡಿಹೋಗುತ್ತಿದ್ದುವು. ಮೈ ತಣ್ಣಗಿದ್ದಾಗ ನಿಂತಲ್ಲಿಯೇ ನಿಂತು ಬಾಯಿ ತೆರೆದು ಮೇಲೆ ಬೀಳುತ್ತಿದ್ದುವು. ಓಡುವ ಶಕ್ತಿಯಿಲ್ಲದವನಿಗೆ ಕಾದಾಟವೊಂದೇ ಗತಿಯಲ್ಲವೇ? ಎಲ್ಲ ಹಲ್ಲಿಗಳೂ ಹೀಗೆಯೇ ನಡೆಯುವುವೆಂದು ನಾವು ಹೇಳುವುದಿಲ್ಲ. ಆದರೆ ಶಾಖವನ್ನು ಅಳೆಯದೆ ಸ್ವಭಾವವನ್ನು ಅಳೆಯಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಯದ ನಿಶ್ಚಲತೆ ಬೇರೊಂದು ಬಗೆಯದು. ತಲೆ ಸವರಿದಾಗ ಇಗ್ವಾನ ಕಣ್ಣು ಮುಚ್ಚಿದರೆ ಒಡೆಯನು ಅದನ್ನು ಸುಖವೆಂದು ಬಗೆಯುತ್ತಾನೆ. ಆದರೆ ತಪ್ಪಿಸಿಕೊಳ್ಳಲಾಗದ ಪ್ರಾಣಿಯು ಕಾಣಬಾರದ್ದನ್ನು ಕಾಣದಿರಲೆಂದು ಕಣ್ಣು ಮುಚ್ಚುವುದೂ ಉಂಟು. ಅದರ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನು ಮಾತ್ರ ಗುರುತಿಸುವ ಮೂರನೆಯ ಕಣ್ಣೊಂದಿದೆ. ಮೇಲಿನಿಂದ ಇಳಿಯುವ ನಮ್ಮ ಪ್ರೀತಿಯ ಕೈ ಅದರ ಪಾಲಿಗೆ ಹದ್ದಿನ ನೆರಳು.

ಇಗ್ವಾನದ ಮಾತು ಬಂದುದರಿಂದ ಅದನ್ನೇ ಮೊದಲು ಪರಿಶೀಲಿಸೋಣ. ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಈ ಹಸುರು ಹಲ್ಲಿ ಮರಿಯಾಗಿದ್ದಾಗ ನೋಡಲು ಬಲು ಮುದ್ದು, ಸೊಪ್ಪುಸದೆಗಳನ್ನು ತಿಂದುಕೊಂಡಿರುತ್ತದೆ. ಸಸ್ಯಾಹಾರಿಯಾದುದರಿಂದ ಸಾಧುವಾಗಿರಲೇಬೇಕೆಂದು ನಂಬುವವರೂ ಇದ್ದಾರೆ. ನಮ್ಮ ದೇಶದಲ್ಲಿ ಈ ನಂಬಿಕೆಗೆ ಸ್ವಲ್ಪ ಬಲ ಹೆಚ್ಚು. ಆದರೆ ಗೂಳಿಯೂ ಸಸ್ಯಾಹಾರಿಯೇ! ಕೆಲವೇ ವರ್ಷಗಳಲ್ಲಿ ಬಾಲ ಸೇರಿ ಒಂದೂವರೆ ಮೀಟರ್ ಬೆಳೆಯುವ ಗಂಡು ಇಗ್ವಾನ, ಬೆದೆಯ ಕಾಲದಲ್ಲಿ ತನ್ನನ್ನು ಸಾಕಿದವನನ್ನೇ ಎದುರಾಳಿಯೆಂದು ಬಗೆದು ಕಚ್ಚುವುದುಂಟು, ಬಾಲದಿಂದ ಚಾಟಿಯಂತೆ ಹೊಡೆಯುವುದುಂಟು. ಅದಲ್ಲದೆ, ಮೂಳೆಗಳು ಗಟ್ಟಿಯಾಗಬೇಕಾದರೆ ಅದಕ್ಕೆ ಅತಿನೇರಳೆ ಕಿರಣಗಳು ಬೇಕು; ಆ ಕಿರಣಗಳಿಂದಲೇ ಚರ್ಮದಲ್ಲಿ ಡಿ ಜೀವಸತ್ವ ಉತ್ಪನ್ನವಾಗುತ್ತದೆ. ಕಿಟಕಿಯ ಗಾಜು ಅವನ್ನು ತಡೆಯುತ್ತದೆಂಬುದನ್ನರಿಯದೆ ಗಾಜಿನ ಹಿಂದಿನ ಬಿಸಿಲಿನಲ್ಲಿ ಇಗ್ವಾನವನ್ನಿಟ್ಟು, ಅದರ ದವಡೆ ಮೆತ್ತಗಾಗಿ ಕಾಲುಗಳು ಸೊಟ್ಟಗಾಗುವಂತೆ ಮಾಡಿದವರಿದ್ದಾರೆ. ಅಂಥ ರೋಗಗ್ರಸ್ತ ಪ್ರಾಣಿಯೂ ಬಹಳ ‘ಸಾಧು’ವಾಗಿಯೇ ಇರುತ್ತದೆ.

ಆಫ್ರಿಕದ ಹುಲ್ಲುಗಾವಲಿನ ಉಡವನ್ನೂ ಸೌಮ್ಯವೆಂದು ಮಾರುತ್ತಾರೆ. ಕಾಡಿನಲ್ಲಿ ಅದರ ಮುಖ್ಯ ಆಹಾರ ಹುಳುಹುಪ್ಪಟೆ, ಬಸವನಹುಳು. ಮನೆಯಲ್ಲಿ ಅದಕ್ಕೆ ಇಲಿಗಳನ್ನು ತಿನ್ನಿಸಿ ಕೊಬ್ಬಿಸುತ್ತಾರೆ. ಕೊಬ್ಬಿ ಮಲಗಿದುದನ್ನು ಪಳಗಿತೆಂದುಕೊಳ್ಳುತ್ತಾರೆ. ಅದನ್ನು ಕುರಿತು ಇಷ್ಟು ಸಾಕು.

ದೊಡ್ಡದೇ ಬೇಕೆಂಬ ಹಟವಿದ್ದರೆ ನಮ್ಮ ಮತ ತೆಗು ಎಂಬ ಹಲ್ಲಿಗೆ. ಬ್ರೆಜಿಲ್, ಅರ್ಜೆಂಟೀನಗಳ ಈ ಕಪ್ಪುಬಿಳುಪಿನ ಪ್ರಾಣಿ ಒಂದು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಹಣ್ಣು, ಮೊಟ್ಟೆ, ಮಾಂಸ ಎಲ್ಲವನ್ನೂ ತಿನ್ನುತ್ತದೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಸಂತಾನಕಾಲದಲ್ಲಿ ಇದರ ಮೈಶಾಖ ಸುತ್ತಲಿನ ಶಾಖಕ್ಕಿಂತ 10 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬಲ್ಲದೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿ ಪಂಡಿತರನ್ನು ಬೆರಗುಗೊಳಿಸಿತು. ನಾವು ಇದನ್ನು ಆರಿಸಲು ಕಾರಣ ಅದರ ಚಟುವಟಿಕೆ, ನಿಶ್ಚಲತೆಯಲ್ಲ. ಚೆನ್ನಾಗಿ ಬೆಳೆಸಿದ ತೆಗು ತಾನಾಗಿ ಮನುಷ್ಯನ ಬಳಿಗೆ ಬರುತ್ತದೆ, ನಾಲಗೆ ಚಾಚಿ ಮೂಸುತ್ತದೆ, ಬೇಡವೆನಿಸಿದರೆ ತಾನೇ ದೂರ ಸರಿಯುತ್ತದೆ. ಬೆಚ್ಚಗಿದ್ದು, ಓಡಲು ದಾರಿಯಿದ್ದೂ ಓಡದಿರುವುದೇ ಹಲ್ಲಿಯಲ್ಲಿ ನಾವು ಕಾಣಬಹುದಾದ ಸಾಧುತ್ವ.

ಆದರೆ ಅದಕ್ಕೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಗೂಡು ಬೇಕು; ಹಾಸಿಗೆಯ ಪಕ್ಕದ ಪೆಟ್ಟಿಗೆ ಸಾಲದು. ಬೇಸತ್ತು ಹೊರಗೆ ಬಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದ ಫ್ಲಾರಿಡ ಸಾಕ್ಷಿ. ಅಲ್ಲಿ ಸಾಕಿದವರ ಕೈಯಿಂದ ಹೊರಬಿದ್ದ ತೆಗುಗಳು ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ, ಆಮೆಗಳ ಮೊಟ್ಟೆಗಳನ್ನು ಕಬಳಿಸತೊಡಗಿದುವು. 2021ರಲ್ಲಿ ಆ ರಾಜ್ಯವು ತೆಗು, ಇಗ್ವಾನಗಳೆರಡನ್ನೂ ನಿಷಿದ್ಧ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿಯೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿಯ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು.

ವಿದ್ಯಾರ್ಥಿಗಳ ಜಾಗ, ಜೇಬುಗಳೆರಡನ್ನೂ ನೆನೆದರೆ ಆಸ್ಟ್ರೇಲಿಯ, ಇಂಡೊನೇಷ್ಯಗಳ ನೀಲಿನಾಲಗೆಯ ಹಲ್ಲಿಯೇ ಮೇಲು. ಅರವತ್ತು ಸೆಂಟಿಮೀಟರಿಗೆ ಅದರ ಬೆಳವಣಿಗೆ ಮುಗಿಯುತ್ತದೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಈ ಪ್ರಾಣಿ ಹೆದರಿದಾಗ ನೀಲಿ ನಾಲಗೆಯನ್ನು ಚಾಚಿ ತನ್ನ ಅಸಮ್ಮತಿಯನ್ನು ಮೊದಲೇ ತಿಳಿಸುತ್ತದೆ. ಯಾವುದನ್ನು ಆರಿಸಿದರೂ ಮರಿಯನ್ನು ಕೊಳ್ಳುವುದಕ್ಕಿಂತ, ಸಾಕಲಾಗದೆ ಇತರರು ಬಿಟ್ಟುಕೊಡುವ, ಬೆಳೆದ ಪ್ರಾಣಿಯನ್ನು ತೆಗೆದುಕೊಳ್ಳುವುದು ವಿವೇಕ. ಅದರ ಗಾತ್ರ, ಸಿಟ್ಟು ಎರಡೂ ಕಣ್ಣೆದುರಿಗೇ ಇರುತ್ತವೆ.

ಅಂಗಡಿಗೇ ಹೋಗುವುದಾದರೆ, ಪ್ರಾಣಿಯನ್ನು ನೋಡುವ ಮೊದಲು ಗೂಡಿನಲ್ಲಿ ಉಷ್ಣಮಾಪಕವಿದೆಯೇ ಎಂದು ನೋಡಿರಿ. ಅದಿಲ್ಲದಿದ್ದರೆ, ಒಳಗೆ ಕುಳಿತಿರುವ ಹಲ್ಲಿಯ ಸ್ವಭಾವ ಅಂಗಡಿಯವನಿಗೂ ತಿಳಿದಿರಲಾರದು.