ಬಿಡಿಬಿಡಿಯಾಗಿ ಬಂದ ತಾಜಮಹಲು

ಆಗ್ರಾ ನಗರದಲ್ಲಿ ಯಮುನೆಯ ದಡದ ಮೇಲಿರುವ ತಾಜಮಹಲಿನ ಕೆಲಸ ಮೊದಲಾದುದು 1632ರ ಸುಮಾರಿಗೆ. ಅದರ ಅಮೃತಶಿಲೆ ಬಂದುದು ರಾಜಸ್ಥಾನದ ಮಕರಾಣದಿಂದ. ಗೋಡೆಯ ಹೂಬಳ್ಳಿಗಳಲ್ಲಿ ಕೂರಿಸಿದ ನೀಲಿಯ ಕಲ್ಲು ಬಂದುದು ಆಫ್ಘಾನಿಸ್ಥಾನದಿಂದ. ಒಂದೆಡೆ ದೊರೆಯದುದನ್ನು ಇನ್ನೊಂದೆಡೆಯಿಂದ ತರಿಸುವುದು ಷಹಜಹಾನನಿಗೆ ಕಷ್ಟವಾಗಲಿಲ್ಲ. ಅವನಿಗೆ ಬೊಕ್ಕಸವಿದ್ದಿತು, ಸಾಮ್ರಾಜ್ಯವಿದ್ದಿತು. ಇವೆರಡೂ ಇಲ್ಲದೆ, ಊಟದ ಮೇಜಿನ ಒಂದು ಮೂಲೆಯನ್ನಷ್ಟೇ ತನ್ನ ರಾಜ್ಯವೆಂದು ಪಡೆದ ಮನುಷ್ಯನು ತಾಜಮಹಲನ್ನು ಕಟ್ಟಲು ಹೊರಟರೆ ಏನಾದೀತು? ನಗುವ ಮಾತಲ್ಲ, ಅಂಥವರು ಇದ್ದಾರೆ. ಅವರು ಬಳಸುವ ಇಟ್ಟಿಗೆ ಮಾತ್ರ ಬೇರೆ.

ಷಹಜಹಾನನ ಕೆಲಸ ಮೊದಲಾದ ಮುನ್ನೂರು ವರ್ಷಗಳ ಮೇಲೆ, 1932ರಲ್ಲಿ, ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿಯು ಮರದ ಆಟಿಕೆಗಳನ್ನು ಮಾಡತೊಡಗಿದನು. ಲೋಕಕ್ಕೆಲ್ಲ ಆರ್ಥಿಕ ಮುಗ್ಗಟ್ಟು ಬಂದಿದ್ದ ಕಾಲ, ಮನೆ ಕಟ್ಟಿಸುವವರಿರಲಿಲ್ಲ. ಹೊಟ್ಟೆಯ ಪಾಡಿಗಾಗಿ ಹಿಡಿದ ಆ ಕಸುಬಿಗೆ ಅವನು ಇಟ್ಟ ಹೆಸರು ಲೆಗೊ. 'ಚೆನ್ನಾಗಿ ಆಡು' ಎಂಬ ಅರ್ಥ ಬರುವ ಡೇನಿಷ್ ಭಾಷೆಯ ಎರಡು ಮಾತುಗಳನ್ನು ಕೂಡಿಸಿ ಮಾಡಿದ ಹೆಸರು ಅದು. 1949ರಲ್ಲಿ ಪ್ಲಾಸ್ಟಿಕ್ಕಿನ ಇಟ್ಟಿಗೆಗಳು ಬಂದವು. ಆದರೆ ಅವು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನಿರಿಸಿ, ಕೆಳಗಿನ ಇಟ್ಟಿಗೆಯ ಗುಬುಟುಗಳು ಆ ಕೊಳವೆಗಳಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವಂತೆ ಮಾಡಿದ ಉಪಾಯಕ್ಕೆ ಅವನ ಮಗ ಗಾಟ್‌ಫ್ರೆಡ್ ಸಲ್ಲಿಸಿದ ಹಕ್ಕಿನ ಅರ್ಜಿಯ ದಿನಾಂಕ 1958ರ ಜನವರಿ 28. ಎರಡು ಗುಬುಟುಗಳ ಮಧ್ಯದಿಂದ ಮಧ್ಯಕ್ಕೆ 8 ಮಿಲಿಮೀಟರು, ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ಈ ಅಳತೆ ಅಂದಿನಿಂದ ಕದಲಿಲ್ಲ. ಅಜ್ಜನು ಬಾಲ್ಯದಲ್ಲಿ ಆಡಿದ ಇಟ್ಟಿಗೆಯು ಮೊಮ್ಮಗನು ನೆನ್ನೆ ಕೊಂಡ ಇಟ್ಟಿಗೆಯ ಮೇಲೆ ಸರಿಯಾಗಿ ಕೂಡುತ್ತದೆ. ಬಿಡಿ ತುಂಡುಗಳಿಗೆ ಬೆಲೆ ಬಂದಿರುವ ಗುಟ್ಟು ಇಲ್ಲಿದೆ.

ಈ ಸಂಸ್ಥೆಯು 2008ರಲ್ಲಿ ತಾಜಮಹಲಿನ ಮಾದರಿಯೊಂದನ್ನು ಹೊರತಂದಿತು. ತುಂಡುಗಳ ಸಂಖ್ಯೆ 5,922. ಅದುವರೆಗೆ ಯಾವ ಮಾದರಿಯಲ್ಲಿಯೂ ಅಷ್ಟು ತುಂಡುಗಳಿರಲಿಲ್ಲ. ಕಟ್ಟಿ ಮುಗಿಸಿದರೆ ಅಗಲ ಸುಮಾರು 20 ಇಂಚು, ಎತ್ತರ ಸುಮಾರು 16 ಇಂಚು. ಅಮೆರಿಕೆಯಲ್ಲಿ ಅದರ ಬೆಲೆ 300 ಡಾಲರು. ಲೆಕ್ಕ ಹಾಕಿದರೆ ತುಂಡೊಂದಕ್ಕೆ ಐದು ಸೆಂಟು. ಕೆಲವು ವರ್ಷಗಳಲ್ಲಿ ತಯಾರಿಕೆ ನಿಂತಿತು. ಅಂಗಡಿಗಳಲ್ಲಿದ್ದುದು ಮುಗಿಯಿತು. ಆಮೇಲೆ ಬಿಚ್ಚದ ಪೆಟ್ಟಿಗೆಯ ಬೆಲೆ ಮೂಲದ ಹಲವು ಪಟ್ಟು ಏರಿತು. ಪೆಟ್ಟಿಗೆಯನ್ನು ಕೊಂಡು, ಬಿಚ್ಚದೆ, ಅಟ್ಟದ ಮೇಲೆ ಚಿನ್ನದ ಗಟ್ಟಿಯಂತೆ ಇಟ್ಟುಕೊಂಡವರೂ ಇದ್ದರು. ಆಡುವುದಕ್ಕೆಂದು ಹುಟ್ಟಿದ ವಸ್ತು ಆಡಿದರೆ ಬೆಲೆ ಕಳೆದುಕೊಳ್ಳುವ ವಸ್ತುವಾಯಿತು.

ಇಂಥ ಹೊತ್ತಿನಲ್ಲಿ ಆಸೆಪಟ್ಟ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಇಂಥವರು ಎಲ್ಲ ಊರುಗಳಲ್ಲಿಯೂ ಸಿಗುತ್ತಾರೆ. ತಿಂಗಳ ಸಂಬಳದ ಮನುಷ್ಯ, ಮೂರನೆಯ ತರಗತಿಯಲ್ಲಿ ಓದುವ ಮಗಳು, ಕೈ ಬಿಗಿಹಿಡಿದು ಸಂಸಾರ ನಡೆಸುವ ಹೆಂಡತಿ. ಕಾಲ 2013. ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿ ಇವನಿಗಿಲ್ಲ. ಆದರೆ ತಾಜಮಹಲೆಂದರೆ ಕೊನೆಗೆ 5,922 ತುಂಡುಗಳಷ್ಟೆ. ತುಂಡುಗಳನ್ನು ಒಂದೊಂದಾಗಿ ಕೂಡಿಸಿದರಾಯಿತು. ಹನಿಹನಿಗೂಡಿದರೆ ಹಳ್ಳ.

ಇದು ಹುಚ್ಚಾದರೂ ಅದಕ್ಕೊಂದು ವ್ಯವಸ್ಥೆಯಿದೆ. 2000ದಲ್ಲಿ ಡ್ಯಾನ್ ಜೆಜೆಕ್ ಎಂಬ ತರುಣನು ಅಂತರಜಾಲದಲ್ಲಿ ಈ ತುಂಡುಗಳಿಗೆಂದೇ ಒಂದು ಸಂತೆಯನ್ನು ತೆರೆದನು. ಮುಂದೆ ಅದಕ್ಕೆ ಬ್ರಿಕ್‌ಲಿಂಕ್ ಎಂಬ ಹೆಸರು ನಿಂತಿತು. ಜೆಜೆಕ್ 2010ರಲ್ಲಿ ತೀರಿಕೊಂಡನು, ಸಂತೆ ಬೆಳೆಯಿತು, 2019ರಲ್ಲಿ ಲೆಗೊ ಸಂಸ್ಥೆಯೇ ಅದನ್ನು ಕೊಂಡಿತು. ಹತ್ತಾರು ದೇಶಗಳ ಸಾವಿರಾರು ಸಣ್ಣ ವರ್ತಕರು ಅಲ್ಲಿ ತುಂಡುಗಳನ್ನು ಬಿಡಿಯಾಗಿ ಮಾರುತ್ತಾರೆ. ಪ್ರತಿಯೊಂದು ಬಗೆಯ ತುಂಡಿಗೂ ಸಂಖ್ಯೆಯುಂಟು. ಎರಡು ಸಾಲು, ಎಂಟು ಗುಬುಟುಗಳ ಸಾಮಾನ್ಯ ಇಟ್ಟಿಗೆಯ ಸಂಖ್ಯೆ 3001. ಯಾವ ಮಾದರಿಗೆ ಯಾವ ಬಣ್ಣದ ಯಾವ ತುಂಡು ಎಷ್ಟು ಬೇಕೆಂಬ ಪಟ್ಟಿಯೂ ಅಲ್ಲಿ ಸಿಗುತ್ತದೆ. ಕಟ್ಟುವ ಕ್ರಮವನ್ನು ತೋರಿಸುವ ಪುಸ್ತಕವನ್ನು ಸಂಸ್ಥೆಯೇ ಉಚಿತವಾಗಿ ಒದಗಿಸುತ್ತದೆ. ಇನ್ನು ಬೇಕಾದುದು ಹಣ, ತಾಳ್ಮೆ ಮತ್ತು ಮನೆಯವರ ಕ್ಷಮಾಗುಣ.

ಮೊದಲ ಪಾಠವನ್ನು ಕಲಿಸುವುದು ಅಂಚೆ. ಜರ್ಮನಿಯ ವರ್ತಕನಲ್ಲಿ ತುಂಡು ಅಗ್ಗ. ಆದರೆ ಅದನ್ನು ತರಿಸುವ ಖರ್ಚು ತುಂಡಿನ ಬೆಲೆಯ ನೂರು ಪಾಲು.

"ಇದೇನೂಂದ್ರೆ, ಐದು ರೂಪಾಯಿನ ತುಂಡಿಗೆ ಐನೂರು ರೂಪಾಯಿನ ಅಂಚೆಯೇ?" ಎಂದು ಹೆಂಡತಿ ಕೇಳುತ್ತಾಳೆ. ಉತ್ತರವಿಲ್ಲ. ಎಲ್ಲಿ ಅಗ್ಗವೆಂದು ಹುಡುಕುವುದಲ್ಲ, ಎಲ್ಲಿ ಹೆಚ್ಚು ಬಗೆಗಳು ಒಟ್ಟಿಗೆ ಸಿಗುವುವೆಂದು ಹುಡುಕಬೇಕೆಂಬುದನ್ನು ಗೃಹಸ್ಥನು ಅಂದು ಕಲಿಯುತ್ತಾನೆ. ಮುಂದೆ ಈ ಹಾದಿ ಹಿಡಿದ ಭಾರತೀಯನ ಕಷ್ಟ ಇನ್ನೂ ಹೆಚ್ಚು. ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು ಸರಕಾರವು 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿತು. ಆಗ್ರಾದ ತಾಜಮಹಲು ನೆರೆಯಲ್ಲಿದ್ದರೂ ಅದರ ಪ್ರತಿಬಿಂಬ ಸುಂಕದ ಕಟ್ಟೆಯನ್ನು ದಾಟಿಯೇ ಬರಬೇಕು.

ಎರಡನೆಯ ಪಾಠ ಬಣ್ಣದ್ದು. ಪಟ್ಟಿಯ ಮುಕ್ಕಾಲು ಪಾಲು ಎಲ್ಲೆಡೆಯೂ ಸಿಗುವ ಸಾಮಾನ್ಯ ತುಂಡುಗಳೇ ಆಗಿರುತ್ತವೆ. ಪ್ರಾಣ ತೆಗೆಯುವುವು ಮಿಕ್ಕವು: ಒಂದೆರಡು ಮಾದರಿಗಳಿಗಾಗಿ ಮಾತ್ರ ಒಂದು ಬಣ್ಣದಲ್ಲಿ ಅಚ್ಚುಹಾಕಿ, ಮತ್ತೆ ಮಾಡದೆ ಬಿಟ್ಟ ತುಂಡುಗಳು. ಸಂಸ್ಥೆಯು 2004ರ ಸುಮಾರಿಗೆ ತನ್ನ ಬೂದುಬಣ್ಣವನ್ನು ನಸುನೀಲಿಯ ಛಾಯೆಗೆ ತಿರುಗಿಸಿತು. ಹಳೆಯ ಬೂದು, ಹೊಸ ಬೂದು ಒಂದೇ ಗೋಡೆಯಲ್ಲಿ ಸೇರಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಬಿಳಿಯದೋ, ಬಿಸಿಲು ಕಂಡಷ್ಟೂ ಹಳದಿಗೆ ತಿರುಗುತ್ತದೆ. ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ನೆನೆಯಿಟ್ಟು ಬೆಳಕಿಗೆ ಹಿಡಿದರೆ ಬಿಳುಪು ಮರಳುವುದುಂಟು. ಕೆಲವು ಕಾಲದ ಮೇಲೆ ಹಳದಿಯೂ ಮರಳುವುದುಂಟು. ಅಮೃತಶಿಲೆಯ ಭವನವನ್ನು ಕಟ್ಟುವವನಿಗೆ ಇದು ಸಣ್ಣ ಚಿಂತೆಯಲ್ಲ.

ಮೂರನೆಯ ಪಾಠ ಅಸಲು ನಕಲಿನದು. ಹಳೆಯ ಹಕ್ಕಿನ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ತನ್ನ ವ್ಯಾಪಾರದ ಮುದ್ರೆಯೆಂದು ಉಳಿಸಿಕೊಳ್ಳಲು ಸಂಸ್ಥೆಯು ಹೋರಾಡಿತಾದರೂ, ಅದು ಕೆಲಸಕ್ಕಾಗಿ ಬಂದ ಆಕಾರವೆಂದು ಹೇಳಿ ಯೂರೋಪು ಒಕ್ಕೂಟದ ನ್ಯಾಯಾಲಯವು 2010ರಲ್ಲಿ ಒಪ್ಪಲಿಲ್ಲ. ಆದ್ದರಿಂದ ಅದೇ ಅಳತೆಯ ಇಟ್ಟಿಗೆಯನ್ನು ಬೇರೆಯವರೂ ಮಾಡುತ್ತಾರೆ. ಅಸಲನ್ನು ಗುರುತಿಸಬೇಕಾದರೆ ಗುಬುಟಿನ ತಲೆಯನ್ನು ನೋಡಬೇಕು. ಲೆಗೊ ಎಂಬ ಹೆಸರು ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಅಲ್ಲಿ ಅಚ್ಚಾಗಿರುತ್ತದೆ. ಈ ಕೆಲಸಕ್ಕೆ ಗೃಹಸ್ಥನ ಕಣ್ಣು ಸಾಲದು. ಮಗಳ ಕಣ್ಣೇ ಬೇಕು. ಪಾಠ ಮುಗಿದ ಮೇಲೆ ಅವಳು ಭೂತಗನ್ನಡಿ ಹಿಡಿದು ಕುಳಿತು ತುಂಡುಗಳನ್ನು ಬೇರೆಬೇರೆ ಡಬ್ಬಿಗಳಿಗೆ ಹಾಕುತ್ತಾಳೆ. ಉಪ್ಪಿನಕಾಯಿಯ ಖಾಲಿ ಜಾಡಿಗಳು ಒಂದೊಂದಾಗಿ ಅಡಿಗೆಮನೆಯಿಂದ ಮಾಯವಾಗುತ್ತವೆ.

ಹೀಗೆ ಮೂರು ವರ್ಷ. 2016ರಲ್ಲಿ ಲೆಕ್ಕ ನೋಡಿದರೆ ಇನ್ನು ನಲವತ್ತು ತುಂಡುಗಳು ಬಾಕಿ. ಹೊರಗೆ ಕಾಣುವುವೆಲ್ಲ ಬಂದಿವೆ. ಇಲ್ಲದಿರುವುವು ಕಟ್ಟೆಯ ಅಡಿಯಲ್ಲಿ ಭಾರ ಹೊತ್ತು ನಿಲ್ಲುವ, ಕಣ್ಣಿಗೆ ಬೀಳದ ಇಟ್ಟಿಗೆಗಳು. ಅವನ್ನು ತರಿಸಲು ಮತ್ತೊಂದು ಅಂಚೆ, ಮತ್ತೊಂದು ತಿಂಗಳು. ಮಗಳು ಒಳಗೆ ಹೋಗಿ ತನ್ನ ಹಳೆಯ ಆಟಿಕೆಯ ಬುಟ್ಟಿಯಿಂದ ಅದೇ ಅಳತೆಯ ನಲವತ್ತು ಕೆಂಪು ಇಟ್ಟಿಗೆಗಳನ್ನು ತಂದು ಮೇಜಿನ ಮೇಲೆ ಸುರಿಯುತ್ತಾಳೆ. ಈ ಹವ್ಯಾಸದಲ್ಲಿ ಎರಡು ಪಂಥಗಳುಂಟು. ಕಾಣದ ಕಡೆಯಲ್ಲಿಯೂ ಬಣ್ಣ ತಪ್ಪಕೂಡದೆನ್ನುವವರು ಕೆಲವರು. ಗಟ್ಟಿಯಾಗಿ ನಿಂತರೆ ಸಾಕೆನ್ನುವವರು ಕೆಲವರು. ತಂದೆ ಒಂದು ಗಳಿಗೆ ಸುಮ್ಮನಿದ್ದು ಎರಡನೆಯ ಪಂಥಕ್ಕೆ ಸೇರುತ್ತಾನೆ. ಅಂದು ರಾತ್ರಿ ಗುಮ್ಮಟ ಏರುತ್ತದೆ.

ನಿಜವಾದ ಪರೀಕ್ಷೆ ಬರುವುದು ಆ ಮೇಲೆ. ಮನೆಯಲ್ಲಿ ಖರ್ಚಿನ ಕಾಲ. ಸ್ನೇಹಿತನೊಬ್ಬನು ಬಂದು ನೋಡಿ ಹೇಳುತ್ತಾನೆ: "ಇದಕ್ಕೆ ಎಷ್ಟು ಬೆಲೆಯಿದೆ ಬಲ್ಲೆಯಾ? ಖಾಲಿ ಪೆಟ್ಟಿಗೆಯನ್ನೂ ಪುಸ್ತಕವನ್ನೂ ಬೇರೆಯಾಗಿ ಮಾರುತ್ತಾರೆ. ಕೊಂಡು ಇದರ ಜೊತೆಗಿಡು. ಅಸಲು ತಾಜಮಹಲಾಗುತ್ತದೆ. ಅಡಿ ಕಿತ್ತು ನೋಡುವವರು ಯಾರು?"

ಮಾತು ಸುಳ್ಳಲ್ಲ. ಖಾಲಿ ಪೆಟ್ಟಿಗೆಗಳಿಗೂ ಆ ಸಂತೆಯಲ್ಲಿ ಬೆಲೆಯುಂಟು. ತುಂಡುಗಳೆಲ್ಲ ಅಸಲು, ಪೆಟ್ಟಿಗೆ ಅಸಲು, ಪುಸ್ತಕ ಅಸಲು. ಹಾಗಾದರೆ ಮೋಸ ಎಲ್ಲಿದೆ? ಮೋಸವಿರುವುದು ವಸ್ತುವಿನಲ್ಲಲ್ಲ, ಅದನ್ನು ಕುರಿತು ಆಡುವ ಮಾತಿನಲ್ಲಿ. ಬಿಡಿಯಾಗಿ ಕೂಡಿಸಿದ್ದನ್ನು ಬಿಡಿಯಾಗಿ ಕೂಡಿಸಿದ್ದೆಂದು ಹೇಳಿದರೆ ಅದು ಸಾಧನೆ. ಒಮ್ಮೆಗೇ ಕೊಂಡದ್ದೆಂದು ಹೇಳಿದರೆ ಅದೇ ವಸ್ತು ಕೃತಕವಾಗಿಬಿಡುತ್ತದೆ. ಗೃಹಸ್ಥನು ಎರಡು ದಿನ ಯೋಚಿಸುತ್ತಾನೆ. ಯೋಚಿಸಿದನೆಂಬುದೇ ಅವನು ಮನುಷ್ಯನೆಂಬುದಕ್ಕೆ ಸಾಕ್ಷಿ. ಕೊನೆಗೆ, ಕೆಂಪು ಇಟ್ಟಿಗೆಗಳ ಸಂಗತಿಯನ್ನೂ ಮುಚ್ಚಿಡದೆ ಬರೆದು ಮಾರಾಟಕ್ಕಿಡುತ್ತಾನೆ. ವಿಚಾರಿಸಿದವರು ಇಬ್ಬರು; ಕೊಂಡವರು ಯಾರೂ ಇಲ್ಲ. ಖರ್ಚಿಗೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುತ್ತದೆ. ಪ್ರಾಮಾಣಿಕತೆಗೆ ಕೂಡಲೇ ಬಹುಮಾನ ಬರುವುದು ಕಥೆಗಳಲ್ಲಿ ಮಾತ್ರ.

2017ರ ಕೊನೆಯಲ್ಲಿ ಸಂಸ್ಥೆಯು ಯಾರೂ ನಿರೀಕ್ಷಿಸದೆ ಇದ್ದ ಕೆಲಸವನ್ನು ಮಾಡಿತು. ಅದೇ ತಾಜಮಹಲನ್ನು ಮತ್ತೆ ಹೊರತಂದಿತು. ತುಂಡುಗಳು 5,923; ಹಳೆಯದಕ್ಕಿಂತ ಒಂದೇ ಒಂದು ಹೆಚ್ಚು. ಬೆಲೆ 370 ಡಾಲರು. ಹಳೆಯ ಪೆಟ್ಟಿಗೆಗಳ ಬೆಲೆ ಇಳಿಯಿತು. ಅಟ್ಟದ ಮೇಲಿನ ಚಿನ್ನದ ಗಟ್ಟಿಗಳು ಮತ್ತೆ ಪ್ಲಾಸ್ಟಿಕ್ಕಾದವು. 2021ರಲ್ಲಿ 2,022 ತುಂಡುಗಳ ಸಣ್ಣ ತಾಜಮಹಲೂ ಬಂದಿತು. ಅಪೂರ್ವವೆಂಬುದು ಕಾರ್ಖಾನೆಯ ಒಂದು ಕಟ್ಟಪ್ಪಣೆಯಿಂದ ಹೋಗುವ ಗುಣವೆಂದು ಸಂಗ್ರಹಕಾರರಿಗೆ ತಿಳಿಯಿತು.

ಆ ಮನೆಯಲ್ಲಿ ಇಳಿಯಲು ಬೆಲೆಯೇ ಇರಲಿಲ್ಲ. ಬಳೆ ಬ್ಯಾಂಕಿನಿಂದ ಮರಳಿತು. ತಾಜಮಹಲು ಪುಸ್ತಕದ ಬೀರುವಿನ ಮೇಲೆ ನಿಂತಿತು. ವಾರಕ್ಕೊಮ್ಮೆ ಹೆಂಡತಿಯೇ ಮೆತ್ತನೆಯ ಕುಂಚದಿಂದ ಅದರ ಧೂಳು ಕೊಡವುತ್ತಾಳೆ; ಬೇರೆಯವರು ಮುಟ್ಟಿದರೆ ಗದರುತ್ತಾಳೆ.

ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಲು ಹೋದ ಮಗಳು ರಜೆಗೆ ಬಂದಾಗ ಹೊಸ ಸಂಗತಿಯೊಂದನ್ನು ತಂದೆಗೆ ಹೇಳುತ್ತಾಳೆ.

"ಅಪ್ಪ, ಆಗ್ರಾದ ತಾಜಮಹಲೂ ಒಳಗೆಲ್ಲ ಅಮೃತಶಿಲೆಯಲ್ಲ. ಗೋಡೆಯ ಒಳಗಿರುವುದು ಇಟ್ಟಿಗೆ. ಅಮೃತಶಿಲೆ ಹೊರಗಿನ ಹೊದಿಕೆ ಮಾತ್ರ."

ತಂದೆ ಬೀರುವಿನ ಕಡೆಗೆ ನೋಡುತ್ತಾನೆ.

"ಹಾಗಾದರೆ ನಮ್ಮದರಲ್ಲಿ ತಪ್ಪೇನೂ ಆಗಿಲ್ಲವಲ್ಲ," ಎನ್ನುತ್ತಾನೆ.