ರಾತ್ರಿ ರೈಲಿನ ಗಂಟು: ಮೊದಲು ಕಾಗದ, ಆಮೇಲೆ ಕೌದಿ

ರಾತ್ರಿ ರೈಲಿಗೆ ಏನೇನು ಒಯ್ಯಬೇಕು ಅಂತ ಮೊಬೈಲ್‌ನಲ್ಲಿ ಹುಡುಕಿ ನೋಡಿ. ಕುತ್ತಿಗೆಗೆ ದಿಂಬು, ಕಣ್ಣಿಗೆ ಪಟ್ಟಿ, ಪವರ್ ಬ್ಯಾಂಕ್, ಓದಲು ಪುಸ್ತಕ. ಆ ಪಟ್ಟಿ ತಪ್ಪೇನಲ್ಲ. ಆದರೆ ಅದು ಬರ್ತ್ ಸಿಕ್ಕವರ ಪಟ್ಟಿ. ನಮ್ಮ ಚಿಂಚೋಳಿ ತಾಲೂಕಿನ ಹಳ್ಳಿ, ತಾಂಡಾಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವ ಎಷ್ಟೋ ಮಂದಿಗೆ ಸಿಗುವುದು ಜನರಲ್ ಬೋಗಿ. ಅವರಿಗೂ ಒಂದು ಪಟ್ಟಿ ಬೇಕು.

ನಮ್ಮ ರೈಲು ಪ್ರಯಾಣ ಶುರುವಾಗುವುದೇ ಬಸ್ಸಿನಿಂದ. ಸಿಕಂದರಾಬಾದ್–ವಾಡಿ ಮಾರ್ಗ 1874ರಲ್ಲೇ ಬಂತು, ಸೇಡಂ, ಚಿತ್ತಾಪುರಗಳಿಗೆ ರೈಲು ಸಿಕ್ಕಿತು. ಚಿಂಚೋಳಿ, ಚಂದಾಪುರಕ್ಕೆ ಇವತ್ತಿಗೂ ಇಲ್ಲ. ಸೇಡಂಗೋ, ತಾಂಡೂರಿಗೋ, ಕಲಬುರಗಿಗೋ ಬಸ್ ಹಿಡಿಯಬೇಕು. ಕೆಲವರು ವಾಡಿಯವರೆಗೂ ಹೋಗುತ್ತಾರೆ. ಬಸ್ಸಿನಿಂದ ಇಳಿಸಿ, ಫ್ಲಾಟ್‌ಫಾರ್ಮ್‌ಗೆ ಹೊತ್ತು, ಒಂದೆರಡು ನಿಮಿಷ ನಿಲ್ಲುವ ರೈಲಿಗೆ ಹತ್ತಿಸಬೇಕು. ಹಾಗಾಗಿ ಮೊದಲ ಲೆಕ್ಕ ಇಷ್ಟೇ: ಒಬ್ಬರು ಒಂದೇ ಕೈಯಲ್ಲಿ ಎತ್ತುವಷ್ಟು ಸಾಮಾನು. ಇನ್ನೊಂದು ಕೈ ಮಗುವಿಗೆ ಬೇಕು.

ಹೇಳುವುದು ಸುಲಭ, ಕಟ್ಟುವುದು ಕಷ್ಟ. ಎಸಿ ಬೋಗಿಯವರಿಗೆ ರೈಲ್ವೆಯೇ ಚಾದರ, ಕಂಬಳಿ, ದಿಂಬು ಕೊಡುತ್ತದೆ. ಜನರಲ್ ಬೋಗಿಯಲ್ಲಿ ಕೂರಲು ಜಾಗ ಸಿಕ್ಕರೆ ಪುಣ್ಯ. ದುಡ್ಡಿದ್ದವರು ಸಣ್ಣ ಬ್ಯಾಗಿನಲ್ಲಿ ಹೋಗುತ್ತಾರೆ, ಇಲ್ಲದವರು ಮನೆಯನ್ನೇ ತಲೆ ಮೇಲೆ ಹೊತ್ತು ಹೋಗುತ್ತಾರೆ. ಪುಕ್ಕಟೆ ಒಯ್ಯಬಹುದಾದ ತೂಕದಲ್ಲೂ ಇದೇ ಕಥೆ: ಎಸಿ ಫಸ್ಟ್ ಕ್ಲಾಸ್‌ಗೆ 70 ಕೆ.ಜಿ., ಸ್ಲೀಪರ್‌ಗೆ 40, ಸೆಕೆಂಡ್ ಕ್ಲಾಸ್‌ಗೆ 35. ಈ 35 ಕೆ.ಜಿ. ನೆನಪಿರಲಿ. ಗಂಟು ದೊಡ್ಡದು ಕಂಡಿತು ಅಂತ ಯಾರಾದರೂ ದುಡ್ಡು ಕೇಳಿದರೆ ಉತ್ತರ ಕೊಡಲು ಈ ಅಂಕಿ ಬೇಕು.

ಈಗ ಪಟ್ಟಿಗೆ ಬರೋಣ. ನನ್ನ ಮಟ್ಟಿಗೆ ಮೊದಲು ಕಟ್ಟಬೇಕಾದ್ದು ತೂಕವೇ ಇಲ್ಲದ ಸಾಮಾನು, ಅಂದರೆ ಕಾಗದ.

ಅದರಲ್ಲೂ ಮೊದಲನೆಯದು ಟಿಕೇಟು. ಜನರಲ್ ಟಿಕೇಟಿನಲ್ಲಿ ಹೆಸರು ಇರುವುದಿಲ್ಲ. ಗದ್ದಲದ ಬೋಗಿಯಲ್ಲಿ ಬಾಗಿಲ ಬಳಿ ಕೂತು ನಿದ್ದೆ ಹತ್ತಿ ಬಿದ್ದರೆ ಏನು ಗತಿ? ರೈಲ್ವೆ ಕಾಯ್ದೆಯ 124ಎ ಕಲಮಿನ ಪ್ರಕಾರ, ಪ್ರಯಾಣಿಕ ಚಲಿಸುವ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ ಕುಟುಂಬಕ್ಕೆ ಪರಿಹಾರ ಇದೆ. 2017ರ ಜನವರಿಯಿಂದ ಆ ಮೊತ್ತ 8 ಲಕ್ಷ ರೂಪಾಯಿ. ಕೇಳಬೇಕಾದ್ದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ. ಟಿಕೇಟು ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ನಿಜ. ಆದರೆ ಟಿಕೇಟು ಇಲ್ಲದೆ ಅವನು ಪ್ರಯಾಣಿಕನೇ ಎಂದು ತೋರಿಸಲು ಮನೆಯವರು ಅಲೆಯಬೇಕು. ಆದ್ದರಿಂದ ಟಿಕೇಟು ಕೊಂಡ ಕೂಡಲೇ ಫೋಟೊ ತೆಗೆದು ಊರಲ್ಲಿ ಇರುವವರಿಗೆ ವಾಟ್ಸ್‌ಆ್ಯಪ್ ಮಾಡಿ. ಇನ್ನೊಂದು ಮಾತು: ಕುಡಿದ ಅಮಲಿನಲ್ಲಿ ಮಾಡಿಕೊಂಡ ಅನಾಹುತಕ್ಕೆ ಈ ಪರಿಹಾರ ಇಲ್ಲ. ಬಾಟಲಿ ಗಂಟಿನಲ್ಲಿ ಬೇಡ.

ಎರಡನೆಯದು ರೇಷನ್ ಕಾರ್ಡಿನ ನಂಬರು. ಕಾರ್ಡನ್ನೇ ಒಯ್ದರೆ ಊರಲ್ಲಿ ಉಳಿದ ಮುದುಕರು ಏನು ಮಾಡಬೇಕು ಎಂಬ ಅಂಜಿಕೆ ಬಹಳ ಮಂದಿಗೆ ಇದೆ. ಕಾರ್ಡು ಮನೆಯಲ್ಲೇ ಇರಲಿ. 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಕಾರ್ಡಿನ ನಂಬರು ಇಲ್ಲವೇ ಆಧಾರ್ ನಂಬರು ಹೇಳಿ, ಬೆರಳು ಒತ್ತಿ, ಮುಂಬೈಯಲ್ಲೂ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಪಡೆಯಬಹುದು. ನಿಮ್ಮ ಪಾಲು ಅಲ್ಲಿ, ಉಳಿದದ್ದು ಇಲ್ಲಿ. ಇದು ಗೊತ್ತಿದ್ದರೆ ಅಕ್ಕಿ ಚೀಲದ ಭಾರ ಅರ್ಧ ಇಳಿಯುತ್ತದೆ.

ಮೂರನೆಯದು ಮಗುವಿನ ತಾಯಿ ಕಾರ್ಡ್. ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಅಂತ ಹೊಸ ಊರಿನ ನರ್ಸಮ್ಮನಿಗೆ ತಿಳಿಯುವುದು ಅದರಿಂದಲೇ. ನಾಲ್ಕನೆಯದು ಒಂದು ಚೀಟಿ: ಮುಕಾದಮನ ಪೂರ್ತಿ ಹೆಸರು, ಫೋನ್ ನಂಬರು, ಕೆಲಸದ ಜಾಗದ ವಿಳಾಸ. ಒಂದು ಕಿಸೆಯಲ್ಲಿ, ಒಂದು ಮನೆಯಲ್ಲಿ. ವಲಸೆ ಹೋದವರಿಗೆ ಏನಾದರೂ ಆದ ಸುದ್ದಿ ಬಂದಾಗ ನಮ್ಮಂಥ ಸ್ಟ್ರಿಂಗರ್‌ಗಳು ಕೇಳುವ ಮೊದಲ ಪ್ರಶ್ನೆ 'ಯಾರ ಕೈಯಲ್ಲಿ ಕೆಲಸಕ್ಕಿದ್ದರು?' ಎಂಬುದು. ಮನೆಯವರಿಗೆ ಬಹಳ ಸಲ ಅಡ್ಡಹೆಸರಷ್ಟೇ ಗೊತ್ತಿರುತ್ತದೆ. ಅಡ್ಡಹೆಸರಿನ ಮೇಲೆ ಸುದ್ದಿಯನ್ನೂ ಬರೆಯಲಾಗದು, ದೂರನ್ನೂ ಕೊಡಲಾಗದು.

ಬುತ್ತಿಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಳ್ಳಾಗಡ್ಡಿ. ಇವು ಕೆಡುವುದಿಲ್ಲ, ಸೋರುವುದಿಲ್ಲ. ಪುಂಡಿ ಪಲ್ಯ ಮೊದಲ ಊಟಕ್ಕಷ್ಟೇ ಇರಲಿ. ನೀರು ಮಾತ್ರ ಮನೆಯಿಂದಲೇ ಇಬ್ಬರಿಗೆ ಆಗುವಷ್ಟು ತುಂಬಿಕೊಳ್ಳಿ. ಸಂಜೆ ವಾಡಿ ದಾಟುವ ಉದ್ಯಾನ ಎಕ್ಸ್‌ಪ್ರೆಸ್ ರಾಯಚೂರಿನ ನಂತರ ರಾತ್ರಿಯೆಲ್ಲಾ ಆದೋನಿ, ಗುಂತಕಲ್, ಅನಂತಪುರ ಅಂತ ಆಂಧ್ರದಲ್ಲೇ ಓಡುತ್ತದೆ. ಜನರಲ್ ಬೋಗಿಯಲ್ಲಿ ನಡುರಾತ್ರಿ ನೀರಿಗೆ ಇಳಿದರೆ ಮತ್ತೆ ಒಳಗೆ ಹೋಗುವ ಖಾತ್ರಿ ಇಲ್ಲ. ಹೊದೆಯಲು ಒಂದು ಕೌದಿ ಸಾಕು. ಹಾಸಿಗೆ ಅದೇ, ದಿಂಬೂ ಅದೇ.

ಒಯ್ಯಬಾರದ್ದು ಎಂದರೆ ಸೀಮೆಎಣ್ಣೆ, ತುಂಬಿದ ಸ್ಟೋ, ಗ್ಯಾಸ್ ಸಿಲಿಂಡರ್. 1989ರ ರೈಲ್ವೆ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಅದಕ್ಕಿಂತ ದೊಡ್ಡ ಮಾತು, ಅದೇ ಬೋಗಿಯಲ್ಲಿ ನಿಮ್ಮ ಮಕ್ಕಳೂ ಇರುತ್ತಾರೆ. ಹೋದಲ್ಲಿ ಗ್ಯಾಸ್ ಇರುವುದಿಲ್ಲವಲ್ಲ ಅಂತ ಒಯ್ಯುತ್ತಾರೆ, ಒಪ್ಪುತ್ತೇನೆ. ಆದರೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೂ, ಗುರುತಿನ ಚೀಟಿ ಒಂದರ ಮೇಲೇ ಏಜೆನ್ಸಿಗಳಲ್ಲಿ ಸಿಗುತ್ತದೆ. ಅಲ್ಲಿಯೇ ಕೊಳ್ಳಿ.

ಇಷ್ಟನ್ನು ಹೇಳುವುದು ಒಬ್ಬ ಸ್ಟ್ರಿಂಗರ್‌ನ ಕೆಲಸ ಅಲ್ಲ, ಗ್ರಾಮ ಪಂಚಾಯಿತಿಯ ಕೆಲಸ. ತೊಗರಿ ರಾಶಿ ಮುಗಿದ ಮೇಲೆ ಯಾವ ಓಣಿಯಿಂದ ಯಾರು ಹೊರಡುತ್ತಾರೆ ಎಂಬುದು ಪಂಚಾಯಿತಿಗೆ ಗೊತ್ತು. ಒಂದು ಹಾಳೆ ಅಚ್ಚು ಹಾಕಿಸಿ ರೇಷನ್ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಅಂಟಿಸಲು ಎಷ್ಟು ಖರ್ಚು? ಹೋಗುವವರ ಹೆಸರು, ಹೋಗುವ ಊರು, ಮುಕಾದಮನ ನಂಬರು ಬರೆದಿಡಲು ಒಂದು ರಿಜಿಸ್ಟರ್ ಸಾಕು. ಕೆಲಸಕ್ಕೆ ಕರೆದೊಯ್ಯುವ ಗುತ್ತಿಗೆದಾರ ಪ್ರಯಾಣದ ಖರ್ಚು ಕೊಡಬೇಕು ಎಂಬ ಮಾತು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬಂದಿತ್ತು. ನಮ್ಮ ಕಡೆ ಟಿಕೇಟಿನ ದುಡ್ಡನ್ನೂ ಮುಂಗಡದಲ್ಲೇ ಮುರಿದುಕೊಳ್ಳುವುದನ್ನು ನೋಡುತ್ತೇವೆ. ರಿಜಿಸ್ಟರ್ ಇದ್ದರೆ ಆ ಪ್ರಶ್ನೆ ಕೇಳಲು ಒಂದು ಆಧಾರವಾದರೂ ಸಿಗುತ್ತದೆ.

ಅಲ್ಲಿಯತನಕ ನಿಮ್ಮ ಮನೆಯಿಂದ, ಓಣಿಯಿಂದ ಯಾರಾದರೂ ಹೊರಟರೆ 'ರೊಟ್ಟಿ ಕಟ್ಟಿದಿರಾ?' ಅಂತ ಕೇಳುವ ಮೊದಲು 'ಚೀಟಿ ಬರೆದಿಟ್ಟಿರಾ?' ಅಂತ ಕೇಳಿ. ರೊಟ್ಟಿ ಹೇಗೂ ಕಟ್ಟಿಯೇ ಇರುತ್ತಾರೆ.