ಪ್ಲಾಟು ಹಿಡಿಯುವ ಮುಂಚೆ ಪಹಣಿ ಹಿಡಿಯಿರಿ

ಹಾಸ್ಟೆಲ್ಲುಗಳಲ್ಲಿ ಈಗ ಒಂದು ಮಾತು ಹೆಚ್ಚಾಗಿದೆ. ಡಿಗ್ರಿ ಮುಗಿಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಅಣ್ಣಂದಿರು ನಾಲ್ಕು ತಿಂಗಳ ಪಗಾರ ಎಣಿಸುವ ಹೊತ್ತಿಗೆ "ಊರ ಕಡೆ ಒಂದು ಪ್ಲಾಟ್ ಹಿಡೀಬೇಕು" ಅಂತಾರೆ. ಇನ್ನೂ ಓದುತ್ತಿರುವ ತಮ್ಮಂದಿರು ಅದನ್ನೇ ಕನಸು ಕಾಣ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತ ಗೋವಿನಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ಸುಣ್ಣ ಬಳಿದಿದ್ದಾರೆ. ಹೊಸರಿತ್ತಿಯ ಹುಡುಗನನ್ನೂ ಏಜೆಂಟ ಹುಡುಕಿಕೊಂಡು ಬರುತ್ತಾನೆ: "ತಮ್ಮಾ, ಈಗ ಹತ್ತು ಸಾವಿರ ಕೊಟ್ಟು ಹೆಸರು ಹಚ್ಚು. ಉಳಿದದ್ದು ತಿಂಗಳಾ ತಿಂಗಳಾ ತುಂಬಿದ್ರಾತು. ಮೂರು ವರ್ಷಕ್ಕ ಡಬಲ್."

ಈ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಊರ ಹೊರಗೆ ಕೇರಿ, ಇನ್ನೊಬ್ಬರ ಹೊಲದಲ್ಲಿ ಕೂಲಿ, ಕೂತ ಗುಡಿಸಲಿಗೂ ಕಾಗದವಿಲ್ಲ. ಹೀಗೆ ಬದುಕಿದ ಜನಕ್ಕೆ ನೆಲ ಅಂದರೆ ಬರೀ ಲಾಭದ ಲೆಕ್ಕ ಅಲ್ಲ. ನಿಂತ ನೆಲ ತನ್ನದಲ್ಲದವನು ಗೌಡರ ಮುಂದೆ ತಲೆ ಎತ್ತಿ ಮಾತಾಡುವುದು ಹೇಗೆ? ಜಾಗ ಬೇಕು, ಬೇಕೇ ಬೇಕು. ಆದರೆ ಕೈಯಲ್ಲಿ ರೊಕ್ಕ ಕಡಿಮೆ. ಬ್ಯಾಂಕಿನ ಮ್ಯಾನೇಜರ ಜಾಮೀನು ಕೇಳುತ್ತಾನೆ, ಜಾಮೀನು ಕೊಡಲು ಹೊಲವಿಲ್ಲ. ಹೊಲ ಇದ್ದವನಿಗೆ ಹೊಲ ಕೊಳ್ಳಲು ಸಾಲ ಸಿಗುತ್ತದೆ, ಇಲ್ಲದವನಿಗೆ ಮಾತು ಸಿಗುತ್ತದೆ. ಇಂಥವನು ಈ ವ್ಯವಹಾರದೊಳಗೆ ಕಾಲಿಡುವುದು ಹೇಗೆ?

ನಮ್ಮ ಉತ್ತರ ಇಷ್ಟೇ. ಬಡವನ ಮೊದಲ ಬಂಡವಾಳ ಅವನ ಓದು. ಹೊಸ ಪ್ಲಾಟಿಗೆ ಮುಂಗಡ ಕೊಡುವ ಮುಂಚೆ, ಮನೆಯೊಳಗೆ ಈಗಾಗಲೇ ಇರುವ ನೆಲ ಯಾರ ಹೆಸರಿನಲ್ಲಿ ಇದೆ ಎಂದು ನೋಡಬೇಕು.

ಹೊಸರಿತ್ತಿಯ ಹೆಸರು ಚರಿತ್ರೆಯಲ್ಲಿ ಬಂದದ್ದೇ ಕಂದಾಯದ ಸಂಬಂಧದಿಂದ. 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಲ್ಲಿಯ ಕಂದಾಯ ವಸೂಲಿ ಕಚೇರಿಯ ಮೇಲೆ ದಾಳಿ ಮಾಡಿ ಗುಂಡಿಗೆ ಬಲಿಯಾದರು. ಬ್ರಿಟಿಷ್ ಸರಕಾರದ ಜೀವ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಸರಕಾರ ಬದಲಾಯಿತು, ದಫ್ತರ ಉಳಿಯಿತು. ಆ ದಫ್ತರದಲ್ಲಿ ನಮ್ಮ ಕೇರಿಯವರ ಹೆಸರು ಎಲ್ಲಿದೆ? ಅದನ್ನು ಹುಡುಕುವ ಕೆಲಸ ನಮಗೆ ಬಿಟ್ಟದ್ದು.

ನಮ್ಮ ಈ ಭಾಗ ಆಗ ಮುಂಬಯಿ ಪ್ರಾಂತ್ಯ. ಊರ ಚಾಕರಿ ಮಾಡಿದವರಿಗೆ ಕೂಲಿಯ ಬದಲು ವತನದ ತುಂಡು ಹೊಲ. ಹೊಲ ಸಣ್ಣದು, ಚಾಕರಿಗೆ ಮಾತ್ರ ಹಗಲು ರಾತ್ರಿ ಎಂಬುದಿಲ್ಲ. ಈ ಕಟ್ಟನ್ನು ಬಿಚ್ಚಲು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ 1874ರ ವತನ ಕಾಯಿದೆಗೆ ತಿದ್ದುಪಡಿ ಮಸೂದೆ ತಂದರು. ಅದು ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರಲ್ಲಿ ಆಗಿ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಚಾಕರಿ ಹೋಯಿತು, ಆ ಹೊಲವನ್ನು ಮಾಡಿಕೊಂಡಿದ್ದವರಿಗೇ ಮರುಮಂಜೂರು ಮಾಡಬೇಕೆಂದಾಯಿತು. ಆಮೇಲೆ 1974ರ ಭೂಸುಧಾರಣೆ. ಉಳುವವನಿಗೆ ಭೂಮಿ ಅಂದರು. ಗೇಣಿದಾರ ಫಾರ್ಮ್ 7 ತುಂಬಿದ, ಹೊಲದ ಒಡೆಯನಾದ. ಅದೇ ಹೊಲದಲ್ಲಿ ಕೂಲಿ ಮಾಡಿದವನಿಗೆ ತುಂಬಲು ಫಾರ್ಮೇ ಇರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಆ ಎರಡನೆಯ ಸಾಲಿನವರು.

ಹಾಗಾಗಿ ನಮಗೆ ಬಂದದ್ದು ವತನದ ಹೊಲ ಅಥವಾ ಸರಕಾರ ಮಂಜೂರು ಮಾಡಿದ ಹೊಲ. ಅದನ್ನೂ ಮದುವೆಗೆ, ದವಾಖಾನೆಗೆ ಅಂತ ನೂರಿನ್ನೂರಕ್ಕೆ ಬರೆಸಿಕೊಂಡರು. ಇದನ್ನು ತಡೆಯಲು 1979ರ ಜನವರಿ 1ರಿಂದ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಊರ್ಜಿತವಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಹಿಂದಕ್ಕೆ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಅಂದಿತು. ಅಲ್ಲಿಂದ ತಡವಾದ ಅರ್ಜಿಗಳು ಬಿದ್ದುಹೋಗತೊಡಗಿದವು. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಆಯಿತು. ಆದರೂ 2024ರಲ್ಲಿ ಹೈಕೋರ್ಟು ಕಾಲಮಿತಿ ಬೇರೆ, ವಿನಾಕಾರಣ ತಡ ಮಾಡುವುದು ಬೇರೆ ಎಂದಿದೆ. ಪಾಠ ಸ್ಪಷ್ಟ: ಗೊತ್ತಾದ ದಿನವೇ ಅರ್ಜಿ ಬರೆಯಬೇಕು.

ಇನ್ನೊಂದು ಮಾತನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ವತನದ ಹೊಲ ಪಿ.ಟಿ.ಸಿ.ಎಲ್. ಕಾಯಿದೆಯೊಳಗೆ ಬರುವುದಿಲ್ಲ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಭೂಮಿಯನ್ನು ಆ ಕಾಯಿದೆಯ ವ್ಯಾಖ್ಯೆಯೇ ಹೊರಗಿಟ್ಟಿದೆ. ಅದಕ್ಕೆ 1961ರ ಕಾಯಿದೆ ನೋಡಬೇಕು. ಯಾವ ಹೊಲ ಯಾವ ಕಾಯಿದೆ ಎಂದು ಗೊತ್ತಿಲ್ಲದೆ ವಕೀಲರ ಮನೆಗೆ ಅಲೆದರೆ ಚಪ್ಪಲಿ ಸವೆಯುತ್ತದೆ, ಹೊಲ ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಮನೆಯಲ್ಲಿ. ಸೂಟಿಗೆ ಊರಿಗೆ ಹೋದಾಗ ಅವ್ವನ ಟ್ರಂಕು ತೆಗೆಸಿ. ಹಕ್ಕುಪತ್ರ, ಸಾಗುವಳಿ ಚೀಟಿ, ಮರುಮಂಜೂರಿ ಆದೇಶ ಏನಿದೆ ನೋಡಿ. ನಮ್ಮ ಕಡೆ ಉತಾರ ಅನ್ನುವ ಪಹಣಿ ತೆಗೆಸಿ. 9ನೇ ಕಾಲಮಿನಲ್ಲಿ ಯಾರ ಹೆಸರು? 10ರಲ್ಲಿ ಅದು ಹೇಗೆ ಬಂತು? 11ರಲ್ಲಿ ಯಾರ ಸಾಲ, ಯಾರ ಹಕ್ಕು? ಇನ್ನೂ ಸತ್ತ ಅಜ್ಜನ ಹೆಸರೇ ಇದ್ದರೆ ವಾರಸಾ ಮಾಡಿಸಿ, ಅಕ್ಕತಂಗಿಯರ ಹೆಸರನ್ನೂ ಸೇರಿಸಿ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಹಳೆಯ ಕಾಲದಿಂದ ಇದ್ದರೆ ಕಂದಾಯ ಕಾಯಿದೆಯ 94-ಸಿ ಕಲಮಿನಲ್ಲಿ ಸಕ್ರಮದ ದಾರಿ ಇದೆಯೇ ಎಂದು ತಹಶೀಲ್ದಾರ ಕಚೇರಿಯಲ್ಲಿ ಕೇಳಿ. ಇದಕ್ಕೆ ಖರ್ಚಾಗುವುದು ಫೀ, ಬಸ್ ಚಾರ್ಜು, ನಾಲ್ಕು ದಿನದ ಕೂಲಿ. ಇಷ್ಟು ಕಡಿಮೆ ರೊಕ್ಕಕ್ಕೆ ಇಷ್ಟು ನೆಲ ಬೇರೆಲ್ಲೂ ಸಿಗುವುದಿಲ್ಲ.

ಈಗ ಸಾಲದ ಲೆಕ್ಕ. ಕೈಗಡ ತಂದು ಪ್ಲಾಟು ಹಿಡಿಯುವವರು ಕಾಗದದ ಮೇಲೆ ಬರೆದು ನೋಡಲಿ. ಊರೊಳಗಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ 36. ಒಂದು ಲಕ್ಷಕ್ಕೆ ವರ್ಷಕ್ಕೆ 36,000. ಮೂರು ವರ್ಷ ತುಂಬುವುದರೊಳಗೆ ಬಡ್ಡಿಯೇ ಅಸಲನ್ನು ದಾಟುತ್ತದೆ. ಪ್ಲಾಟಿನ ಬೆಲೆ ಮೂರು ವರ್ಷಕ್ಕೆ ನಿಜವಾಗಿ ಡಬಲ್ ಆದರೂ ಲಾಭ ಸಾಹುಕಾರನಿಗೆ. ಆಗದಿದ್ದರೆ ನಷ್ಟ ನಿನಗೆ. ಪ್ಲಾಟು ಬೆಳೆ ಕೊಡುವುದಿಲ್ಲ, ಹಾಲು ಕೊಡುವುದಿಲ್ಲ. ಅದರ ಕಂತನ್ನು ನಿನ್ನ ಪಗಾರವೇ ಕಟ್ಟಬೇಕು. ನೋಂದಣಿ, ಮುದ್ರಾಂಕದ ಖರ್ಚು ಬೇರೆ.

ಕಂತಿನ ಪ್ಲಾಟಿನ ಕತೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಚಿಕಾಗೋದಲ್ಲಿ 1950-60ರ ದಶಕಗಳಲ್ಲಿ ಕರಿಯರ ಓಣಿಗಳಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಅವರಿಗೆ ಉಳಿದದ್ದು ಕರಾರಿನ ಮನೆ. ದುಪ್ಪಟ್ಟು ಬೆಲೆ, ತಿಂಗಳ ಕಂತು, ಕೊನೆಯ ಕಂತು ಮುಗಿಯುವವರೆಗೂ ಒಡೆತನ ಮಾರಿದವನದೇ. ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. 1968ರಲ್ಲಿ ಲಾಂಡೇಲ್ ಭಾಗದ ಜನ ಸಂಘ ಕಟ್ಟಿ, ಕಂತು ನಿಲ್ಲಿಸಿ ಹೋರಾಡಿ ಹಲವು ಕರಾರುಗಳನ್ನು ತಿದ್ದಿಸಿಕೊಂಡರು. ಬ್ಯಾಂಕಿನ ಬಾಗಿಲು ಮುಚ್ಚಿದ ಕಡೆಯೆಲ್ಲ ಇಂಥ ಏಜೆಂಟನ ಬಾಗಿಲು ತೆರೆದಿರುತ್ತದೆ. ಅಲ್ಲಿ ಬಣ್ಣ, ಇಲ್ಲಿ ಜಾತಿ.

ಹಾಗಾದರೆ ಪ್ಲಾಟು ಕೊಳ್ಳಲೇಬಾರದೇ? ಕೊಳ್ಳಿ, ಕೇಳಿ ಕೊಳ್ಳಿ. ಹೊಲ ಎನ್.ಎ. ಆಗಿದೆಯೇ? ಲೇಔಟಿನ ನಕ್ಷೆಗೆ ಮಂಜೂರಿ ಇದೆಯೇ? ಪಂಚಾಯ್ತಿ ಹದ್ದಿನಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಕೊಡುತ್ತಾರೆಯೇ? ಬರೀ ತೆರಿಗೆ ಪಾವತಿ ತೋರಿಸಿದರೆ ಅದು ಹಕ್ಕಲ್ಲ. 2016ರ ರೇರಾ ಕಾಯಿದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಲೇಔಟಾಗಿ ಎಂಟಕ್ಕಿಂತ ಹೆಚ್ಚು ಪ್ಲಾಟು ಇದ್ದರೆ ನೋಂದಣಿ ಆಗಿರಬೇಕು. ಕರಾರುಪತ್ರ ನೋಂದಾಯಿಸದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. "ಜಿ.ಪಿ.ಎ. ಮಾಡಿಕೊಡ್ತೀನಿ, ಅದೂ ಒಂದ ಇದೂ ಒಂದ" ಅಂದರೆ ಎದ್ದು ಬನ್ನಿ. ಮುಖತ್ಯಾರ ಪತ್ರದಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೊಳ್ಳುವ ಹೊಲ ಇನ್ನೊಬ್ಬ ನಮ್ಮವನಿಗೆ ಮಂಜೂರಾದದ್ದೇ ಎಂದೂ ನೋಡಿ. ಅಣ್ಣನ ಹೊಲದ ಮೇಲೆ ತಮ್ಮನ ಪ್ಲಾಟು ನಿಲ್ಲಬಾರದು.

ಮತ್ತೊಂದು ಬಲೆ: "ನಿನ್ನ ಹೆಸರಿನ ಮ್ಯಾಲೆ ತಗೋತೀನಿ, ನಿನಗಿಷ್ಟು ಕೊಡ್ತೀನಿ" ಅನ್ನುವವರು. ಜಾತಿ ಪ್ರಮಾಣಪತ್ರವನ್ನು ಬಾಡಿಗೆಗೆ ಬಿಡಬೇಡಿ. 2016ರ ತಿದ್ದುಪಡಿಯ ನಂತರ ಬೇನಾಮಿ ವ್ಯವಹಾರಕ್ಕೆ ಏಳು ವರ್ಷದವರೆಗೆ ಜೈಲಿದೆ. ಹೊಲ ಅವರದು, ಜೈಲು ನಮ್ಮದು.

ಸಾಲವೇ ಬೇಕೆಂದರೆ ಕಡಿಮೆ ಬಡ್ಡಿಯ ಬಾಗಿಲನ್ನು ಮೊದಲು ಬಡಿಯಬೇಕು. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇರುವುದು ಭೂಮಿ ಇಲ್ಲದ ಕೃಷಿ ಕೂಲಿ ಹೆಂಗಸರಿಗೆ. ಬೆಲೆಯ ಅರ್ಧ ಸಹಾಯಧನ, ಅರ್ಧ ಸಾಲ, ಬಡ್ಡಿ ವರ್ಷಕ್ಕೆ ನೂರಕ್ಕೆ 6. ಪರಿಶಿಷ್ಟರಲ್ಲದವರ ಹೊಲವನ್ನೇ ಕೊಳ್ಳಬೇಕು, ನೋಂದಣಿ ಅವ್ವನ ಹೆಸರಿಗೆ. ಊರ ಸಾಹುಕಾರನ 36 ಎಲ್ಲಿ, ಈ 6 ಎಲ್ಲಿ? ಗುರಿ ಕಡಿಮೆ, ಅರ್ಜಿ ಹೆಚ್ಚು, ನಡುವೆ ದಲ್ಲಾಳಿ. ಅದು ನಮಗೂ ಗೊತ್ತು. ಅದಕ್ಕೇ ಒಬ್ಬೊಬ್ಬರಾಗಿ ಹೋಗದೆ ಕೇರಿಯ ಅರ್ಜಿಗಳನ್ನೆಲ್ಲ ಒಟ್ಟಿಗೆ ಕೊಟ್ಟು, ಸ್ವೀಕೃತಿ ಪಡೆದು, ಆಯ್ಕೆ ಪಟ್ಟಿ ಕೇಳಬೇಕು. ಇಲ್ಲದಿದ್ದರೆ ಹೊತ್ತು ಮೀರುತ್ತದೆ. 2020ರ ತಿದ್ದುಪಡಿ 79-ಎ, 79-ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಬೇಸಾಯ ಗೊತ್ತಿಲ್ಲದ ನಗರದ ರೊಕ್ಕವೂ ನಮ್ಮ ಹೊಲಗಳಿಗೆ ಬರಬಹುದು. ಆ ರೊಕ್ಕದ ಜೊತೆ ಕೂಲಿಯವಳು ಹರಾಜು ಕೂಗಿ ಗೆಲ್ಲುವುದುಂಟೇ?

ಗೆಳೆಯರೆ, ನಮ್ಮ ಅಜ್ಜಂದಿರು ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ನಾವು ಪದವಿ ಪಡೆದು, ಓದದೆ ಸಹಿ ಮಾಡಿ ಪಗಾರ ಕಳೆದುಕೊಂಡರೆ ಆ ಪದವಿಗೆ ಏನರ್ಥ? ಪ್ರತಿ ಹಾಸ್ಟೆಲಿನಲ್ಲಿ ತಿಂಗಳಿಗೊಂದು ಭಾನುವಾರ ಪಹಣಿ ಓದುವ ಸಭೆ ಆಗಲಿ. ಕಾನೂನು ಓದುವ ಹುಡುಗ ಹುಡುಗಿಯರು ಮುಂದೆ ಕೂಡಲಿ. ಹೊಸರಿತ್ತಿ, ಮೋಟೆಬೆನ್ನೂರು ಎನ್ನದೆ ತಂತಮ್ಮ ಕೇರಿಯ ಉತಾರಗಳನ್ನು ಎಲ್ಲರೂ ತರಲಿ. ಕಳೆದ ಹೊಲದ ಪಟ್ಟಿ ಆಗಲಿ, ಉಳಿದ ಹೊಲದ ಪಟ್ಟಿ ಆಗಲಿ, ಬರೆಯಬೇಕಾದ ಅರ್ಜಿಗಳ ಪಟ್ಟಿ ಆಗಲಿ. ಏಜೆಂಟನಿಗೆ ಕೊಡುವ ಮೊದಲ ಹತ್ತು ಸಾವಿರ ಆ ಅರ್ಜಿಗಳಿಗೆ ಖರ್ಚಾಗಲಿ.

ಜೈ ಭೀಮ್.